ಬರ್ಸಾತಿಯಲ್ಲಿ ಬೆಂದವನು

ಗುರುಗ್ರಾಮದಲ್ಲಿ ಕೆಲಸವೇನೋ ಸಿಕ್ಕಿತು. ಸಂಬಳಕ್ಕೆ ಒಗ್ಗುವ ಮನೆ ಸಿಗಬೇಕಲ್ಲ! "ಮದ್ರಾಸಿಯಾ?" ಎಂದರು ಮೊದಲ ಮನೆಯೊಡೆಯರು. ಹಾಸನ, ಕರ್ನಾಟಕ, ಕನ್ನಡ ಅಂತ ನನ್ನ ಹರುಕು ಹಿಂದಿಯಲ್ಲಿ ಹತ್ತು ನಿಮಿಷ ಭೂಗೋಳ ಪಾಠ ಮಾಡಿದೆ. ಎಲ್ಲ ಕೇಳಿ, "ಅಚ್ಛಾ, ಮದ್ರಾಸಿ" ಎಂದು ತಲೆಯಾಡಿಸಿದರು.

ಕೊನೆಗೆ ದಿಲ್ಲಿಯ ಮುನಿರ್ಕಾದಲ್ಲಿ ದಲ್ಲಾಳಿಯೊಬ್ಬ ಬರ್ಸಾತಿ ತೋರಿಸಿದ. ಬರ್ಸಾತ್ ಎಂದರೆ ಮಳೆ. ತಾರಸಿ ಮೇಲಿನ ಒಂಟಿ ಕೋಣೆಗೆ ದಿಲ್ಲಿಯವರಿಟ್ಟ ಹೆಸರು. ಹೆಸರಿಗೇ ಮರುಳಾಗಿ ಮುಂಗಡ ಕೊಟ್ಟುಬಿಟ್ಟೆ. ಮುಂಗಾರು ಅಲ್ಲಿಗೆ ತಲುಪುವುದು ಜೂನ್ ಕೊನೆಗೆ, ನಾನು ತಲುಪಿದ್ದು ಮೇ ತಿಂಗಳಲ್ಲಿ. 45 ಡಿಗ್ರಿ! ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಿಂದ ಕುದಿನೀರು. ಅಕ್ಕಿ ತೊಳೆಯುವಾಗಲೇ ಅರ್ಧ ಬೆಂದಿರುತ್ತಿತ್ತು. ಗ್ಯಾಸ್ ಉಳಿಯಿತಲ್ಲ ಎಂದು ಸಮಾಧಾನಪಟ್ಟೆ. ಜನವರಿಯಲ್ಲಿ ಅದೇ ನಲ್ಲಿ ಕೈ ಮರಗಟ್ಟಿಸಿ ಲೆಕ್ಕ ಚುಕ್ತಾ ಮಾಡಿತು.

ಕರಾರುಪತ್ರ 11 ತಿಂಗಳಿಗೆ. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಮಾಡಿಸಬೇಕು, ಯಾರಿಗೆ ಬೇಕು ಆ ಖರ್ಚು! "ಹನ್ನೆರಡನೇ ತಿಂಗಳು ಎಲ್ಲಿರ್ತೀಯೋ?" ಎಂದು ಅಮ್ಮ ಫೋನಿನಲ್ಲಿ ಗಾಬರಿಯಾದಳು.

ಈಗ ಬೇಸರವಾದಾಗ ಪಕ್ಕದ ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗುತ್ತೇನೆ. ಮನೆಯೊಡೆಯರನ್ನು ಕನ್ನಡದಲ್ಲಿ ಬೈಯುವ ಸುಖವೇ ಬೇರೆ. ಊರಿಂದ ಬರುವವರಿದ್ದರೆ ದಯವಿಟ್ಟು ಒಂದಿಷ್ಟು ಸಾರಿನಪುಡಿ ತನ್ನಿ. ಮಲಗಲು ಜಾಗ ಮಾತ್ರ ಕೇಳಬೇಡಿ.