ಸೀನಿಯರ್ ಮ್ಯಾನೇಜರ್ (ನಿವೃತ್ತ)

ಕೊಳ್ಳೇಗಾಲದ ಸುತ್ತ ಕಂಪನಿ ಎಂದು ಬೋರ್ಡು ಹಾಕಿಕೊಂಡವು ಕಡಿಮೆ. ಮ್ಯಾನೇಜರುಗಳಿಗೆ ಮಾತ್ರ ಬರವಿಲ್ಲ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಸರ್ವಿಸ್ ಮುಗಿಸಿ, ಬಂದ ಗ್ರಾಚ್ಯುಯಿಟಿಯಲ್ಲಿ ಇಲ್ಲೊಂದು ಮನೆ ಕಟ್ಟಿಕೊಂಡವರು ಬೀದಿಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಗೇಟಿನ ಫಲಕದಲ್ಲಿ ‘ಸೀನಿಯರ್ ಮ್ಯಾನೇಜರ್’ ಎಂಬುದು ರಸ್ತೆಯ ಆಚೆಬದಿಗೂ ಕಾಣುತ್ತದೆ, ‘ನಿವೃತ್ತ’ ಎಂಬುದನ್ನು ಓದಲು ಗೇಟು ತೆಗೆದು ಒಳಗೇ ಹೋಗಬೇಕು.

ಇಂಥವರಿಗೆ ವರ್ಷಕ್ಕೊಂದು ಸುಗ್ಗಿ ಇದೆ. ಅದು ಡಿಗ್ರಿ ಕಾಲೇಜಿನ ಪ್ರಾಜೆಕ್ಟ್ ಕಾಲ. ‘ಹಿರಿಯ ಮ್ಯಾನೇಜರೊಬ್ಬರನ್ನು ಸಂದರ್ಶಿಸಿ, ಕಂಪನಿ ಹೇಗೆ ನಡೆಯುತ್ತದೆ ಎಂಬ ವರದಿ ಬರೆಯಿರಿ’ ಎಂದು ಮೇಷ್ಟ್ರು ಹೇಳಿರುತ್ತಾರೆ. ನಂಜನಗೂಡಿನ ಫ್ಯಾಕ್ಟರಿಗೆ ಹೋದರೆ ವಾಚ್‌ಮನ್ ಆಚೆಗೇ ನಿಲ್ಲಿಸುತ್ತಾನೆ, ಬಸ್ ಚಾರ್ಜು ಬೇರೆ ದಂಡ. ಸಾಹೇಬರ ಮನೆಯಾದರೆ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು, ಕಾಫಿಯೂ ಸಿಗುತ್ತದೆ.

ನಮ್ಮ ಬೀದಿಯ ಸಾಹೇಬರು ವರಾಂಡವನ್ನೇ ಛೇಂಬರ್ ಮಾಡಿಕೊಂಡಿದ್ದಾರೆ. ಒಂದು ಟೇಬಲ್ಲು, ಅದರ ಆಚೆ ಕೈಯಿರುವ ಕುರ್ಚಿ, ಈಚೆ ಕೈಯಿಲ್ಲದ ಮೂರು ಕುರ್ಚಿ. ಮಕ್ಕಳು ಬಂದರೆ ಅವರ ಹೆಂಡತಿ ಒಳಕ್ಕೆ ಮುಖ ಮಾಡಿ, “ರೀ, ಕಾಲೇಜ್ ಮಕ್ಕ ಬಂದವ್ರೆ” ಎಂದು ಕೂಗುತ್ತಾರೆ. ಸಾಹೇಬರು ಆಗ ಟಿ.ವಿ. ನೋಡುತ್ತಿರುತ್ತಾರೆ. ಆದರೂ ಹತ್ತು ನಿಮಿಷ ಕಾಯಿಸದೆ ಹೊರಬಂದವರಲ್ಲ. ಕಾಯಿಸದವನನ್ನು ಮ್ಯಾನೇಜರ್ ಎಂದು ಯಾರು ನಂಬುತ್ತಾರೆ?

ಈ ಸಲ ಬಂದವರು ಮೂವರು. ಹನೂರು ಕಡೆಯ ಒಬ್ಬ ಹುಡುಗಿ, ಯಳಂದೂರಿನ ಒಬ್ಬಳು, ಕೊಳ್ಳೇಗಾಲದ ಪಕ್ಕದ ಹಳ್ಳಿಯ ರೇಷ್ಮೆ ಬೆಳೆಗಾರರ ಹುಡುಗ. ಪಕ್ಕದ ಮನೆಯ ನನಗೆ ವರಾಂಡದ ಮಾತು ಬೇಡವೆಂದರೂ ಕೇಳಿಸುತ್ತದೆ. ಬೇಡ ಎಂದು ನಾನಂತೂ ಯಾವತ್ತೂ ಅಂದಿಲ್ಲ.

ಮೊದಲ ಪ್ರಶ್ನೆ: “ಕಂಪನಿ ಹೆಂಗ್ ನಡೀತದ ಸಾ?”

ಸಾಹೇಬರು ಹಾಳೆ ತರಿಸಿ ಚೌಕ ಹಾಕತೊಡಗಿದರು. ಮೇಲೆ ಚೇರ್ಮನ್, ಕೆಳಗೆ ಎಂ.ಡಿ., ಅದರ ಕೆಳಗೆ ಡೈರೆಕ್ಟರುಗಳು, ಜಿ.ಎಂ., ಡಿ.ಜಿ.ಎಂ., ಎ.ಜಿ.ಎಂ. ಕೊನೆಗೆ ಸೀನಿಯರ್ ಮ್ಯಾನೇಜರ್. ಆ ಚೌಕ ಎಂ.ಡಿ.ಯ ಚೌಕಕ್ಕಿಂತ ಒಂದು ಬೆರಳು ಅಗಲವಾಗಿಯೇ ಬಂತು.

“ಸಾಮಾನು ಮಾಡೋರು ಎಲ್ಲಿ ಬತ್ತರ ಸಾ?” ಎಂದಳು ಯಳಂದೂರಿನ ಹುಡುಗಿ.

ಸಾಹೇಬರು ಹಾಳೆ ನೋಡಿದರು. ಜಾಗ ಮುಗಿದಿತ್ತು. “ಹಿಂದುಗಡೆ ಬರ್ಕೋಮ್ಮ” ಎಂದರು.

ಹೆಡ್ ಆಫೀಸ್ ಎಂಬ ಮಾತನ್ನು ಅವರು ಕಣ್ಣು ಅರ್ಧ ಮುಚ್ಚಿಕೊಂಡು ಹೇಳುತ್ತಾರೆ. ಈ ಸೀಮೆಯ ಮಕ್ಕಳು ಅದಕ್ಕೆ ಬೆದರುವುದಿಲ್ಲ. 1956ರವರೆಗೆ ಕೊಳ್ಳೇಗಾಲದ ಹೆಡ್ ಆಫೀಸು ಕೊಯಮತ್ತೂರು, ಅದರ ಮೇಲಿನದು ಮದರಾಸು. ಆಮೇಲೆ ಮೈಸೂರಾಯಿತು, 1997ರಿಂದ ಚಾಮರಾಜನಗರ. ಹನೂರಿನವರಿಗೆ ಈಚೆಗೆ ಬೇರೆ ತಾಲ್ಲೂಕು ಆಗುವ ತನಕ ಕೊಳ್ಳೇಗಾಲವೇ ಹೆಡ್ ಆಫೀಸು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮಗ್ಗುಲಿನ ಊರನ್ನು ಬಿಟ್ಟು, ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕಂಪನಿ ಹೇಗೆ ನಡೆಯುತ್ತದೆ ಎಂದು ನಮ್ಮವರಿಗೆ ಆಗಲೇ ಒಂದಿಷ್ಟು ಅರ್ಥವಾಗಿರಬೇಕು.

“ನೀವು ತಕ್ಕೊಂಡ ಮುಖ್ಯ ನಿರ್ಧಾರ ಯಾವ್ದು ಸಾ?” ಎರಡನೇ ಪ್ರಶ್ನೆ ಹುಡುಗನದು.

“ಮ್ಯಾನೇಜರ್ ಆದವನು ನಿರ್ಧಾರ ತಗೊಳ್ಳಲ್ಲಪ್ಪ. ಪುಟಪ್ ಮಾಡ್ತಾನೆ.” ಫೈಲು ಕೆಳಗಿನಿಂದ ಬಂದರೆ ‘ಪ್ಲೀಸ್ ಸ್ಪೀಕ್’ ಎಂದು ಬರೆದು ಕೆಳಕ್ಕೇ ಕಳಿಸಬೇಕು. ಎರಡನೇ ಸಲವೂ ಬಂದರೆ ‘ಶಿಫಾರಸು ಮಾಡಿದೆ’ ಎಂದು ಮೇಲಕ್ಕೆ ಕಳಿಸಬೇಕು. ತಪ್ಪಾದರೆ ಮೇಲಿನವರದು, ಸರಿಯಾದರೆ ಶಿಫಾರಸು ನಮ್ಮದು. ಒಂದು ಫೈಲಂತೂ ಒಂದೂವರೆ ವರ್ಷ ಓಡಾಡಿ, ಕೊನೆಗೆ ಕೊಳ್ಳಬೇಕೆಂದಿದ್ದ ಮಿಷನ್ನನ್ನು ಯಾರೂ ತಯಾರು ಮಾಡದಂತಾಯಿತಂತೆ. “ಎಷ್ಟು ಉಳಿತಾಯ ಆಯ್ತು ನೋಡು” ಎಂದರು.

ಹುಡುಗ ಬರೆಯುವುದನ್ನು ನಿಲ್ಲಿಸಿದ. “ನಮ್ಮಪ್ಪ ಹಂಗ್ ಮಾಡಕಾಗಲ್ಲ ಸಾ. ಚಂದ್ರಿಕೆಯಿಂದ ಗೂಡ್ ಬುಡ್ಸಿ ತಡ ಮಾಡುದ್ರ ಒಳ್ಗಿರ ಚಿಟ್ಟೆ ತೂತ್ ಮಾಡ್ಕಂಡು ಆಚ್ಗ ಬಂದ್ಬುಡ್ತದ. ಆಮೇಲ ನೂಲು ತಗ್ಯಕಾಗಲ್ಲ.” ಮಾರುಕಟ್ಟೆಯಲ್ಲಿ ಲಾಟಿಗೆ ರೇಟು ಕೂಗಿದ ಮೇಲೆ ಒಪ್ಪುವುದೋ ಬಿಡುವುದೋ ಎಂದು ಅಪ್ಪ ಅಲ್ಲೇ ಹೇಳಬೇಕು. ಬಿಟ್ಟರೆ ಆಟೋ ಬಾಡಿಗೆ ಮೈಮೇಲೆ, ಒಪ್ಪಿದರೆ ಮನೆಯಲ್ಲಿ ಅವ್ವನ ಬೈಗುಳ.

ಸಾಹೇಬರು ಗಂಭೀರವಾಗಿ ಯೋಚಿಸಿ ಹೇಳಿದರು: “ಅದಕ್ಕೊಂದು ಕಮಿಟಿ ಮಾಡ್ಬೇಕು.”

ಹನೂರಿನ ಹುಡುಗಿ ಹಾಲಿನ ಡೇರಿ ಇರುವ ಹಳ್ಳಿಯವಳು. ಅಲ್ಲಿ ಬೆಳಗ್ಗೆ ಕ್ಯಾನು ಇಟ್ಟ ಕೂಡಲೇ ಡಿಗ್ರಿ ನೋಡುತ್ತಾರೆ, ಕೊಬ್ಬು ಅಳೆಯುತ್ತಾರೆ, ಅದಕ್ಕೆ ತಕ್ಕ ದುಡ್ಡು. ಹಳ್ಳಿಯ ಸಂಘ, ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಹಾಲು ಮಹಾಮಂಡಳ. ಚೌಕಗಳು ಅವಳಿಗೆ ಹೊಸದಲ್ಲ. “ನೀರು ಬೆರ್ಸಿದ್ರ ನಿಮ್ಮ ಕಂಪನೀಲಿ ಯಾವ ಚೌಕದಲ್ಲಿ ಗೊತ್ತಾಯ್ತಿತ್ತು ಸಾ?”

“ಅದು ಆಡಿಟ್ ವಿಷಯ” ಎಂದು ಸಾಹೇಬರು ಕಾಫಿಗೆ ಕೂಗಿದರು.

ಕಾಫಿ ಬಂದ ಮೇಲೆ ಅವರ ಮಾತಿಗೆ ಕಳೆ ಬಂತು. ಹುಟ್ಟೂರು ಯಳಂದೂರು, ಆದ್ದರಿಂದ ದಿವಾನ್ ಪೂರ್ಣಯ್ಯನವರ ಮೇಲೆ ಅವರಿಗೆ ಒಂದು ಬಗೆಯ ಸಹೋದ್ಯೋಗಿಯ ಅಭಿಮಾನ. “ನಿಜವಾದ ಮ್ಯಾನೇಜರ್ ಅಂದ್ರೆ ಅವರು. ಹೈದರಾಲಿ, ಟಿಪ್ಪು, ಆಮೇಲೆ ಒಡೆಯರು. ಮೂರು ಮ್ಯಾನೇಜ್‌ಮೆಂಟ್! 1799ರಲ್ಲಿ ಕಂಪನಿಯೇ ಕೈ ಬದಲಾಯ್ತು, ಇವರ ಕುರ್ಚಿ ಅಲ್ಲಾಡ್ಲಿಲ್ಲ. 1807ರಲ್ಲಿ ಯಳಂದೂರನ್ನೇ ಜಹಗೀರು ಕೊಟ್ರು. ರಿಟೈರ್ ಆಗಿದ್ದು 1811ರಲ್ಲಿ.” ಈ ಕೊನೆಯ ಮಾತಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

“ನಿಮ್ಗ ಏನ್ ಕೊಟ್ರು ಸಾ?” ಎಂದಳು ಯಳಂದೂರಿನವಳು. ಜಹಗೀರಿನ ವಿಷಯವಲ್ಲವೆ, ಊರಿನವಳಿಗೆ ಆಸಕ್ತಿ ಸಹಜ.

ಸಾಹೇಬರು ಗೋಡೆಯ ಮೇಲಿದ್ದ ಗಡಿಯಾರ ತೋರಿಸಿದರು. ಶಾಲು ಒಳಗಿದೆಯೆಂದೂ ಹೇಳಿದರು.

ವರದಿ ಬರೆಯುವುದೇನೋ ಆಯಿತು, ಅದಕ್ಕೆ ಸಾಹೇಬರ ಸಹಿ ಬೇಕಿತ್ತು. ಸೋಮವಾರ ಕೊಟ್ಟರು. “ಪರಿಶೀಲಿಸ್ತೀನಿ” ಎಂದರು. ಗುರುವಾರ ವಾಪಸು ಬಂದಾಗ ಒಂದಕ್ಷರ ತಿದ್ದಿರಲಿಲ್ಲ. ಮೊದಲ ಪುಟದ ಅಂಚಿನಲ್ಲಿ ಹಸಿರು ಇಂಕಿನಲ್ಲಿ ‘ಪ್ಲೀಸ್ ಸ್ಪೀಕ್’ ಎಂದಿತ್ತು. ಮಾತಾಡೋಣವೆಂದರೆ ಸಾಹೇಬರು ವಾಕಿಂಗ್ ಹೋಗಿದ್ದರು. ಶುಕ್ರವಾರ ಕೊನೆಯ ದಿನ. ಹುಡುಗನ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದು ಹೊತ್ತುಹೊತ್ತಿಗೂ ಸೊಪ್ಪು ಕೇಳುತ್ತಿದ್ದವು. ಅವನಿಗೆ ನಿಂತು ಕಾಯಲು ಪುರುಸೊತ್ತಿರಲಿಲ್ಲ.

“ಕೊಡ್ರಪ್ಪ ಇಲ್ಲಿ” ಎಂದು ಸಾಹೇಬರ ಹೆಂಡತಿ ವರದಿ ತೆಗೆದುಕೊಂಡರು. ರಾತ್ರಿ ಊಟಕ್ಕೆ ಮುಂಚೆ ಅವರು ಕಾಗದಗಳನ್ನು ಗಂಡನ ಮುಂದಿಡುವ ಪದ್ಧತಿ ಇದೆ. ಮೇಲೆ ಬ್ಯಾಂಕಿನ ಅರ್ಜಿ, ಮಧ್ಯೆ ವರದಿ, ಕೆಳಗೆ ಕಂದಾಯದ ಕಾಗದ. “ಇಲ್ಲೊಂದ್ ಹಾಕಿ. ಇಲ್ಲೊಂದು. ಇಲ್ಲೂ ಒಂದು.” ಸಾಹೇಬರು ಟಿ.ವಿ.ಯಿಂದ ಕಣ್ಣು ತೆಗೆಯದೆ ಮೂರೂ ಕಡೆ ಸಹಿ ಹಾಕಿದರು. ವರದಿಯ ಮೇಲೆ ಮಾತ್ರ, ಹಳೆಯ ಅಭ್ಯಾಸ ನೋಡಿ, ಹಿಂದಿನ ದಿನದ ತಾರೀಖು ಹಾಕಿದ್ದರಂತೆ.