ಗಪ್ಪಿಯ ಬಾಣಂತನ

ಬಸುರಿಯನ್ನು ಕಂಡ ಮೇಲೂ ಸಲಹೆ ಕೊಡದೆ ಸುಮ್ಮನಿರುವುದು ನಮ್ಮ ಜಾಯಮಾನಕ್ಕೆ ಒಗ್ಗದ ಮಾತು. ಪಪ್ಪಾಯಿ ತಿನ್ನಬೇಡ, ಕೊಡ ಎತ್ತಬೇಡ, ಗ್ರಹಣದ ಹೊತ್ತಿನಲ್ಲಿ ಹೊರಗೆ ಬರಬೇಡ ಎಂದೆಲ್ಲ ಹೇಳಿಸಿಕೊಳ್ಳುವ ಸೊಸೆಯಂದಿರು ಈಗ ಸಿಗುವುದಿಲ್ಲ. ಹಾಗಾಗಿ ಹಾಲ್‌ನ ಮೂಲೆಯ ಅಕ್ವೇರಿಯಂನಲ್ಲಿ ಹೆಣ್ಣು ಗಪ್ಪಿಯೊಂದರ ಹೊಟ್ಟೆ ಉಬ್ಬಿತೆಂದರೆ, ಮನೆಯಲ್ಲಿ ಉಳಿದುಹೋದ ಅಷ್ಟೂ ಅಕ್ಕರೆ ಅದರ ಮೇಲೆ ಸುರಿಯುತ್ತದೆ. ಮೀನು ಎದುರಾಡುವುದಿಲ್ಲ ಎನ್ನುವುದು ಇದರಲ್ಲಿರುವ ದೊಡ್ಡ ಅನುಕೂಲ. ಪ್ಲಾಸ್ಟಿಕ್ಕಿನ ಹೆರಿಗೆ ಪೆಟ್ಟಿಗೆ ಬರುತ್ತದೆ, ಹೊಸ ಡಬ್ಬಿಯಲ್ಲಿ ಪೌಷ್ಟಿಕ ಆಹಾರ ಬರುತ್ತದೆ, ಮೊಬೈಲಿನ ಟಾರ್ಚು ಹಿಡಿದು ಹೊಟ್ಟೆ ನೋಡುವ ಕಾರ್ಯಕ್ರಮ ದಿನಕ್ಕೆ ನಾಲ್ಕು ಬಾರಿ ನಡೆಯುತ್ತದೆ. ನನ್ನ ವಾದ ಇಷ್ಟೇ: ಈ ಬಾಣಂತನದ ಬಹುಪಾಲು ನಡೆಯುವುದು ನಮ್ಮ ಸಮಾಧಾನಕ್ಕೆ. ಗಪ್ಪಿಗೆ ಬೇಕಾಗಿರುವುದು ಹದವಾದ ನೀರು, ಒಂದಿಷ್ಟು ದಟ್ಟ ಗಿಡ, ಮತ್ತೆ ನಮ್ಮ ಕೈ ತೊಟ್ಟಿಯ ಹೊರಗಿರುವುದು.

ಮೊದಲನೆಯದಾಗಿ, ಗಪ್ಪಿ ಬಸುರಾಗುವುದು ಸುದ್ದಿಯೇ ಅಲ್ಲ. ಗಂಡುಗಳ ಜೊತೆ ಇದ್ದು ವಯಸ್ಸಿಗೆ ಬಂದ ಹೆಣ್ಣು ಗಪ್ಪಿ ಹೆಚ್ಚುಕಡಿಮೆ ಯಾವಾಗಲೂ ಬಸುರಿಯೇ. ಅಂಗಡಿಯವನು ಚೀಲದಲ್ಲಿ ನೀರು ತುಂಬಿ, ಮೀನು ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು ಕೊಡುವಾಗಲೇ ಅದಕ್ಕೆ ದಿನ ತುಂಬುತ್ತಿರಬಹುದು. ಇದು ಮೊಟ್ಟೆ ಇಟ್ಟು ಹೋಗುವ ಮೀನಲ್ಲ. ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಬಲಿತು ಒಡೆಯುತ್ತದೆ. ನೀರಿನ ಬಿಸುಪಿಗೆ ತಕ್ಕಂತೆ ಮೂರರಿಂದ ನಾಲ್ಕೂವರೆ ವಾರಕ್ಕೊಂದು ಹೆರಿಗೆ. ಸಾಲದ್ದಕ್ಕೆ ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಂಡು ಒಂದರ ಹಿಂದೊಂದು ಹೆರಿಗೆಗೆ ಬಳಸಿಕೊಳ್ಳುವ ಚಾಕಚಕ್ಯತೆ ಇದಕ್ಕಿದೆ. ಗಂಡೇ ಇಲ್ಲದ ತೊಟ್ಟಿಯಲ್ಲಿ ಮರಿ ಕಂಡು ಪವಾಡವೆಂದು ಕೈಮುಗಿಯುವ ಅಗತ್ಯವಿಲ್ಲ. ಸೀಮಂತ ಮಾಡಲೇಬೇಕೆಂದು ಹಟ ಹಿಡಿದವರು ತಿಂಗಳಿಗೊಂದು ಮುಹೂರ್ತ ಗೊತ್ತುಮಾಡಿಕೊಳ್ಳಬೇಕಾಗುತ್ತದೆ, ಅಷ್ಟೇ.

ನೋಡುವ ಆಸೆ ಇದ್ದವರು ದೂರದಿಂದ ನೋಡಬಹುದು, ನೋಡತಕ್ಕದ್ದು ಬೇಕಾದಷ್ಟಿದೆ. ಹೊಟ್ಟೆ ಮುಗಿದು ಬಾಲದ ಕಡೆ ತಿರುಗುವಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ. ದಿನ ಹತ್ತಿರವಾದಂತೆ ಅದು ಹಿಗ್ಗುತ್ತದೆ, ಗಾಢವಾಗುತ್ತದೆ. ತಿಳಿಬಣ್ಣದ ಮೀನಾದರೆ ಅದರೊಳಗೆ ಮರಿಗಳ ಕಣ್ಣುಗಳೇ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ದುಂಡಗಿದ್ದ ಹೊಟ್ಟೆ ಮುಂಭಾಗದಲ್ಲಿ ಚೌಕವಾಗುತ್ತದೆ. ತಿಂಡಿ ಹಾಕಿದರೂ ಬಾರದೆ ಫಿಲ್ಟರಿನ ಹಿಂದೆ ಮೂಲೆ ಹಿಡಿದು ನಿಂತಿತೆಂದರೆ ಗಳಿಗೆ ಸಮೀಪಿಸಿತೆಂದು ತಿಳಿಯಬಹುದು. ಮರಿ ಮಡಚಿಕೊಂಡಂತೆ ಹೊರಬೀಳುತ್ತದೆ, ಒಂದರೆಕ್ಷಣ ಕೆಳಗಿಳಿಯುತ್ತದೆ, ಮೈ ನೆಟ್ಟಗೆ ಮಾಡಿಕೊಳ್ಳುತ್ತದೆ, ಮತ್ತೆ ಯಾರನ್ನೂ ಕೇಳದೆ ಈಜಿ ಹೋಗುತ್ತದೆ. ಆರೇಳು ಮಿಲಿಮೀಟರಿನ ಆ ಜೀವದಲ್ಲಿ ಎದ್ದು ಕಾಣುವುದು ಎರಡು ಕಣ್ಣು, ಒಂದು ಗೀರಿನಂಥ ಬೆನ್ನು. ಇಂಥವು 20, 30, ಕೆಲವೊಮ್ಮೆ 50 ಬರುವ ಹೊತ್ತಿಗೆ ಗಂಟೆಗಳೇ ಕಳೆಯುತ್ತವೆ. ಸೂಲಗಿತ್ತಿಗೆ ಇಲ್ಲಿ ಕೆಲಸವಿಲ್ಲ.

ಕೆಲಸವಿಲ್ಲದ ಸೂಲಗಿತ್ತಿ ಸುಮ್ಮನೆ ಕೂರದೆ ತರುವ ಸಾಧನವೇ ಹೆರಿಗೆ ಪೆಟ್ಟಿಗೆ. ನಾಲ್ಕು ಬೆರಳಗಲದ ಈ ಪೆಟ್ಟಿಗೆಯ ತಳದಲ್ಲಿ ಸೀಳು. ಹುಟ್ಟಿದ ಮರಿ ಸೀಳಿನಿಂದ ಕೆಳಗಿಳಿದು ತಾಯಿಯ ಬಾಯಿಂದ ತಪ್ಪಿಸಿಕೊಳ್ಳಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ದಿನ ತುಂಬಿದ ಮೀನನ್ನು ಬಲೆ ಹಿಡಿದು ತೊಟ್ಟಿ ತುಂಬಾ ಅಟ್ಟಾಡಿಸಿ, ನೀರಾಡದ ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ ಅದು ಪೆಟ್ಟಿಗೆಯ ಗೋಡೆಗೆ ಮೂತಿ ತಾಗಿಸಿಕೊಂಡು ಮೇಲೆ ಕೆಳಗೆ ಸುತ್ತುತ್ತಲೇ ಇರುತ್ತದೆ. ಬೆದರಿದ ಗಪ್ಪಿ ಹೆರಿಗೆಯನ್ನು ತಡೆಹಿಡಿಯುವುದೂ ಉಂಟು, ಬಲಿಯದ ಮರಿಗಳನ್ನು ಹಾಕಿಬಿಡುವುದೂ ಉಂಟು. ಒಂದು ವಾರ ಮುಂಚೆಯೇ ಪೆಟ್ಟಿಗೆಗೆ ಸೇರಿಸಿ "ಇನ್ನೂ ಆಗಲಿಲ್ಲವಲ್ಲ" ಎಂದು ಗಂಟೆಗೊಮ್ಮೆ ಇಣುಕುವವರು, ಆಗದಿರುವುದಕ್ಕೆ ಕಾರಣ ಯಾರೆಂದು ಕನ್ನಡಿಯಲ್ಲಿ ಇಣುಕಬೇಕು.

ಇಲ್ಲಿ ಎಲ್ಲರೂ ಎತ್ತುವ ಆಕ್ಷೇಪಣೆ ಒಂದಿದೆ: ಹಡೆದ ತಾಯಿಯೇ ಮರಿಗಳನ್ನು ತಿಂದುಬಿಡುತ್ತದಲ್ಲ? ತಿನ್ನುತ್ತದೆ, ಅದರಲ್ಲಿ ಅನುಮಾನವಿಲ್ಲ. ತನ್ನ ಮಗು ಎಂಬ ಮಮತೆ ಅದಕ್ಕಿಲ್ಲ. ಬಾಯಿಗೆ ಹಿಡಿಯುವಷ್ಟು ಚಿಕ್ಕದು, ಅಲುಗಾಡುತ್ತದೆ, ಆದ್ದರಿಂದ ಊಟ. ಆದರೆ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಗಪ್ಪಿ ಸಂಸಾರ ಹೂಡಿದೆ ಎನ್ನುವುದಕ್ಕೆ ಅದರ ತವರಿನಲ್ಲೇ ಸಾಕ್ಷ್ಯವಿದೆ. ಟ್ರಿನಿಡಾಡ್ ದ್ವೀಪದ ಬೆಟ್ಟದ ಹೊಳೆಗಳಲ್ಲಿ ದೊಡ್ಡ ಬೇಟೆಗಾರ ಮೀನುಗಳಿರುವ ಮಡುಗಳ ಗಪ್ಪಿಗಳು ಬೇಗ ವಯಸ್ಸಿಗೆ ಬರುತ್ತವೆ, ಚಿಕ್ಕ ಮರಿಗಳನ್ನು ಹೆಚ್ಚು ಸಂಖ್ಯೆಯಲ್ಲಿ ಹಾಕುತ್ತವೆ. 1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಅಂಥ ಕಡೆಯ ಗಪ್ಪಿಗಳನ್ನು ಅರಿಪೊ ಹೊಳೆಯಲ್ಲಿ ದೊಡ್ಡ ಶತ್ರುಗಳಿಲ್ಲದ ಜಾಗಕ್ಕೆ ಒಯ್ದು ಬಿಟ್ಟರು. ಹನ್ನೊಂದು ವರ್ಷಗಳಲ್ಲಿ ಅವುಗಳ ಪೀಳಿಗೆ ತಡವಾಗಿ ಬೆಳೆದು, ಕಡಿಮೆ ಮತ್ತು ದೊಡ್ಡ ಮರಿಗಳನ್ನು ಹಾಕುವಂತಾಗಿತ್ತು ಎಂದು ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿಕೊಟ್ಟರು. ಅಂದರೆ ಎಷ್ಟು ಹೆರಬೇಕು, ಎಷ್ಟು ಹೋಗುತ್ತವೆ ಎಂಬ ಲೆಕ್ಕವನ್ನು ಈ ಮೀನು ನಮಗಿಂತ ಬಹಳ ಮುಂಚೆಯೇ ಹಾಕಿಟ್ಟಿದೆ. ಮರಿಗೂ ಅಡಗುವುದು ಹುಟ್ಟಿನಿಂದಲೇ ಗೊತ್ತು. ಒಂದು ಮುಷ್ಟಿ ಜಾವಾ ಮಾಸ್, ಮೇಲೆ ತೇಲುವ ಅಂತರಗಂಗೆಯ ನಾಲ್ಕು ಬುಡ ಇದ್ದರೆ ಆ ಬೇರುಗಳ ಸಂದಿಯಲ್ಲಿ ಚುರುಕಾದವು ಉಳಿದುಕೊಳ್ಳುತ್ತವೆ. ತಾಯಿಯ ಹೊಟ್ಟೆ ತುಂಬಿದ್ದರೆ ಇನ್ನೂ ನಾಲ್ಕು ಉಳಿಯುತ್ತವೆ.

ಒಂದೂ ಸಾಯಬಾರದು, ಎಲ್ಲವೂ ಬದುಕಬೇಕು ಎನ್ನುವ ದಯಾಳುಗಳಿಗೆ ಒಂದು ಸಣ್ಣ ಲೆಕ್ಕ. ಒಂದು ತಾಯಿ ತಿಂಗಳಿಗೆ 30 ಮರಿ ಹಾಕಿತೆನ್ನೋಣ, ಅರ್ಧ ಹೆಣ್ಣು. ಮೂರು ತಿಂಗಳಿಗೆ ಹೆಣ್ಣುಮರಿ ವಯಸ್ಸಿಗೆ ಬಂದು, ನಾಲ್ಕನೆಯ ತಿಂಗಳಿಗೆ ತಾನೇ ಹೆರುತ್ತದೆ. ತಾಯಿಯ ಐದು ಹೆರಿಗೆಯಿಂದ 150, ಮೊದಲ ಸೂಲಿನ 15 ಹೆಣ್ಣುಮಕ್ಕಳ ಚೊಚ್ಚಲಿಗೆ ತಲಾ 10 ಎಂದರೂ ಇನ್ನೊಂದು 150. ನಲವತ್ತು ಲೀಟರಿನ ತೊಟ್ಟಿಯಲ್ಲಿ 300 ಮೀನು! ಅವುಗಳ ಹೇಲಿನ ಅಮೋನಿಯವೇ ಸಾಕು, ತಾಯಿಯ ಬಾಯಿ ಮಾಡದ ಕೆಲಸವನ್ನು ನಿಧಾನವಾಗಿ, ಯಾತನೆ ಕೊಟ್ಟು ಮಾಡಿ ಮುಗಿಸಲು. ಅಷ್ಟೂ ಮರಿಗೆ ನಾಮಕರಣ ಮಾಡುವ ಮಕ್ಕಳಿರುವ ಮನೆಗಳ ಪಾಡು ದೇವರಿಗೇ ಪ್ರೀತಿ. (ನಾಮಕರಣದ ವಿಷಯದಲ್ಲಿ ಈ ಮೀನಿನ ಯೋಗವೇ ವಿಚಿತ್ರ. ಟ್ರಿನಿಡಾಡಿನಿಂದ ಇದನ್ನು ಲಂಡನ್ನಿಗೆ ಕಳಿಸಿದ ಲೆಕ್‌ಮಿಯರ್ ಗಪ್ಪಿಯವರ ಹೆಸರನ್ನು 1866ರಲ್ಲಿ ಅಲ್ಲಿನವರು ಇದಕ್ಕೆ ಇಟ್ಟರು. ಆಮೇಲೆ ನೋಡಿದರೆ ಜರ್ಮನಿಯ ಪೀಟರ್ಸ್ 1859ರಲ್ಲೇ ಹೆಸರಿಟ್ಟು ಮುಗಿಸಿದ್ದರು. ಶಾಸ್ತ್ರದ ಹೆಸರು ಪೀಟರ್ಸ್ ಇಟ್ಟದ್ದು, ಕರೆಯುವ ಹೆಸರು ಗಪ್ಪಿಯದು. ನಮ್ಮ ಮನೆಗಳಲ್ಲೂ ಆಗುವುದು ಹೀಗೆಯೇ.)

ಹೆಚ್ಚಾದವನ್ನು ಕೆರೆಗೆ ಬಿಟ್ಟರಾಯಿತು, ಸೊಳ್ಳೆಯ ಮರಿ ತಿಂದುಕೊಂಡಿರುತ್ತವೆ, ಪುಣ್ಯ ಬರುತ್ತದೆ ಎನ್ನುವವರಿದ್ದಾರೆ. ಗಪ್ಪಿ ಸೊಳ್ಳೆಮರಿ ತಿನ್ನುವುದು ನಿಜ. ಹಾಸನ, ಕೋಲಾರ ಜಿಲ್ಲೆಗಳ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟು ಫಲ ಕಂಡದ್ದೂ ನಿಜ. ಆದರೆ ಅದು ಬಲ್ಲವರು ಆರಿಸಿದ ಬಾವಿ, ಲೆಕ್ಕ ಇಟ್ಟು ಮಾಡಿದ ಕೆಲಸ. ನಮ್ಮ ಹೊಳೆ-ಕೆರೆಗಳ ಸಣ್ಣ ಮೀನುಗಳ ಊಟಕ್ಕೂ ಜಾಗಕ್ಕೂ ಈ ಹೊರಗಿನ ಮೀನು ಪಾಲು ಕೇಳುತ್ತದೆ. ಮನೆಯ ಬಕೆಟ್ಟನ್ನು ಕೆರೆಗೆ ಸುರಿಯುವುದಕ್ಕೆ ಪುಣ್ಯದ ಲೇಪ ಹಚ್ಚುವುದು ಬೇಡ.

ತಳಿ ಬೆಳೆಸುವವರ ಮಾತು ಬೇರೆ. ಯಾವ ಗಂಡಿಗೆ ಯಾವ ಹೆಣ್ಣು ಎಂದು ಆರಿಸಿ, ಬಾಲದ ಬಣ್ಣ ಕೆಡದಂತೆ ಕಾಯುವವರಿಗೆ ಬೇರೆ ಬೇರೆ ತೊಟ್ಟಿ ಬೇಕೇ ಬೇಕು. ಅವರು ಕೂಡ ಪೆಟ್ಟಿಗೆಗಿಂತ ಗಿಡ ತುಂಬಿದ ಪ್ರತ್ಯೇಕ ತೊಟ್ಟಿಯನ್ನೇ ಮೆಚ್ಚುತ್ತಾರೆ. ಉಳಿದವರಿಗೆ, ಏನಾದರೂ ಮಾಡದಿದ್ದರೆ ನಿದ್ದೆ ಬಾರದು ಎಂದಾದರೆ, ನೀರಿನ ಚಾಕರಿ ಇದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ. ಬೆಂಗಳೂರಿನಲ್ಲಿ ಗೀಸರಿಗೆ ಬಿಳಿ ಪದರ ಕಟ್ಟಿಸಿ, ತಲೆಗೂದಲು ಉದುರಿಸುತ್ತದೆಂದು ಎಲ್ಲರಿಂದ ಬೈಸಿಕೊಳ್ಳುವ ಗಡಸು ಬೋರ್‌ವೆಲ್ ನೀರು ಗಪ್ಪಿಗೆ ಬಲು ಇಷ್ಟ. ಆ ನೀರನ್ನು ಮೆಚ್ಚುವ ಜೀವ ಮನೆಯಲ್ಲಿ ಅದೊಂದೇ. ಮರಿ ಎಳೆದುಕೊಳ್ಳದ ಸ್ಪಾಂಜ್ ಫಿಲ್ಟರ್ ಹಾಕಿ. ಮರಿಗಳಿಗೆ ಪುಡಿಮಾಡಿದ ಆಹಾರ, ಸಿಕ್ಕರೆ ಆಗತಾನೆ ಮೊಟ್ಟೆ ಒಡೆಸಿದ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಮರಿ, ಚಿಟಿಕೆಯಷ್ಟು, ದಿನಕ್ಕೆ ಮೂರು ನಾಲ್ಕು ಸಲ. ಬೇಯಿಸಿದ ಮೊಟ್ಟೆಯ ಹಳದಿ ಕೊಡಬಹುದು, ಆದರೆ ಉಗುರಿನ ತುದಿಯಷ್ಟು ಹೆಚ್ಚಾದರೂ ನೀರು ನಾರುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣಿದ್ದರೆ ಬಸುರಿಯ ಬೆನ್ನು ಹತ್ತುವ ಕಾಟವೂ ಹಂಚಿಹೋಗುತ್ತದೆ.

ಮರಿಗಳ ತಂಟೆಯೇ ಬೇಡ ಎನ್ನುವವರು ಅಂಗಡಿಯಲ್ಲಿ ಗಂಡುಗಳನ್ನಷ್ಟೇ ಕೇಳಿ ತನ್ನಿ. ಬೀಸಣಿಗೆ ಬಾಲ, ಬಣ್ಣ, ಕುಣಿತ ಎಲ್ಲ ಇರುವುದು ಹೇಗೂ ಗಂಡುಗಳಲ್ಲೇ.