ಗುಡಾರ ಮೀಮಾಂಸೆ

ಶಾಸ್ತ್ರ ಬರೆಯಲು ಕೂತವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ: ವಿಷಯ ಯಾವುದು, ಅಧಿಕಾರಿ ಯಾರು, ಸಂಬಂಧ ಏನು, ಪ್ರಯೋಜನ ಏನು. ವಿಷಯ: ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಸ್ಮಿತ್ ಎಂಬ ನದಿಯ ದಂಡೆಯ ಮೇಲೆ, ಕೊಡಲಿ ಕಾಣದ ರೆಡ್‌ವುಡ್ ಕಾಡಿನೊಳಗೆ ಎರಡು ರಾತ್ರಿ ಗುಡಾರ ಹಾಕಿಕೊಂಡು ಮಲಗುವುದು. ಅಧಿಕಾರಿ: ಆರು ತಿಂಗಳ ಮೊದಲೇ, ಬೆಳಗಿನ 8 ಗಂಟೆಗೆ ಸರಿಯಾಗಿ, ಸ್ನಾನ ಕಾಫಿ ಎರಡನ್ನೂ ಬಿಟ್ಟು ಕಂಪ್ಯೂಟರಿನ ಮುಂದೆ ಕೂತು ಜಾಗ ಹಿಡಿದವನು. ಒಂದು ನಿಮಿಷ ತಡವಾಗಿ ಕೂತವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಸಂಬಂಧ: ಹೆಂಡತಿ, ಮಗ, ಹಾಗೂ ತಿಪಟೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ಅಮ್ಮ. ಪ್ರಯೋಜನದ ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ಗ್ರಂಥದ ಕರ್ತೃತ್ವ ಹೀಗೆ ಹಂಚಿಕೆಯಾಗಿದೆ. ಸೂತ್ರಕಾರ ನಾನು. ಟೀಕೆ ಹೆಂಡತಿಯದು; ನಾನು ಸೂತ್ರ ಬರೆಯುವುದಕ್ಕೆ ಹದಿನೈದು ವರ್ಷ ಮೊದಲಿಂದಲೂ ಅವಳು ಅದನ್ನು ನಡೆಸಿಕೊಂಡು ಬಂದಿದ್ದಾಳೆ. ಪೂರ್ವಪಕ್ಷ ಪೂರ್ತಿಯಾಗಿ ಅಮ್ಮನದು. ಮಗ ಲಿಪಿಕಾರ, ಅಂದರೆ ಫೋನಿನಲ್ಲಿ ಫೋಟೊ ತೆಗೆಯುವವನು. ಸಿಗ್ನಲ್ ಸಿಗದ ಕಾರಣ ಎರಡು ದಿನ ಮೌನವ್ರತದಲ್ಲಿದ್ದ.

ಮೊದಲು ಪದವಿಚಾರ. 'ಕ್ಯಾಂಪ್' ಶಬ್ದ ಕನ್ನಡಕ್ಕೆ ಹೊಸದೇನಲ್ಲ. ಕಚೇರಿಯ ಜವಾನ "ಸಾಹೇಬ್ರು ಕ್ಯಾಂಪ್ ಹೋಗಿದಾರೆ" ಎಂದರೆ ನಿಮ್ಮ ಫೈಲು ಈ ವಾರ ಅಲುಗಾಡುವುದಿಲ್ಲ ಎಂದರ್ಥ. ಬೆಳಗಾವಿಯಲ್ಲಿ ಅದು ದಂಡಿನ ಪ್ರದೇಶ, ಸಕ್ರೆಬೈಲಿನಲ್ಲಿ ಆನೆಗಳ ಬೀಡು. ಸಿಂಧನೂರು, ಗಂಗಾವತಿಯ ಕಡೆ ತುಂಗಭದ್ರಾ ನಾಲೆಯ ನೀರು ನಂಬಿ ಆಂಧ್ರದಿಂದ ಬಂದು ನೆಲೆನಿಂತವರ ಊರಿಗೂ ಕ್ಯಾಂಪ್ ಎಂದೇ ಹೆಸರು. ಮೊಮ್ಮಕ್ಕಳ ಮದುವೆಯಾದರೂ ಆ ಕ್ಯಾಂಪು ಎದ್ದಿಲ್ಲ. ಶಾಲೆಯ ಅಂಗಳದಲ್ಲಿ ಕಣ್ಣು ತೋರಿಸಿಕೊಳ್ಳಲು ಅಜ್ಜಂದಿರು ಸಾಲು ನಿಲ್ಲುವುದೂ ಕ್ಯಾಂಪೇ. ಈ ಎಲ್ಲ ಪ್ರಯೋಗಗಳಿಗೂ ಸಮಾನವಾದ ಲಕ್ಷಣವೊಂದಿದೆ: ಕ್ಯಾಂಪಿಗೆ ಹೋದವನಿಗೆ ಅಲ್ಲೇನಾದರೂ ಕೆಲಸ ಇರುತ್ತದೆ. ಏನೂ ಕೆಲಸವಿಲ್ಲದೆ ಹೋಗಿ, ಮನೆಯಲ್ಲಿ ಮಾಡುವುದನ್ನೇ ಮೂರು ಪಟ್ಟು ಕಷ್ಟಪಟ್ಟು ಮಾಡಿಬರುವುದು ಎಂಬ ಅರ್ಥ ಸಮುದ್ರ ದಾಟಿದ ಮೇಲಷ್ಟೇ ನನಗೆ ಸಿಕ್ಕಿತು.

ಮೂಲ ಲ್ಯಾಟಿನ್ನಿನ 'ಕಾಂಪುಸ್', ಅಂದರೆ ಬಯಲು. ಇಲ್ಲಿ ಸೂತ್ರಕಾರ ಎಡವಿದ. ಬಯಲೆಂದರೆ ಶರಣರಿಗೆ ಕಾಣುವುದು ಒಂದು, ನಮ್ಮೂರಲ್ಲಿ ಮುಂಜಾನೆ ಚೊಂಬು ಹಿಡಿದು ಹೊರಟವರಿಗೆ ಕಾಣುವುದು ಇನ್ನೊಂದು. ಅಮ್ಮ ಎರಡನೆಯ ಅರ್ಥವನ್ನೇ ಹಿಡಿದರು. "ಬಯಲು ಅಂದ್ಯಲ್ಲ, ಅಲ್ಲಿ ಕಕ್ಕಸು ಇದೆಯೋ ಇಲ್ಲವೋ?" ಇದೆ, ನಲ್ಲಿ ನೀರೂ ಇದೆ ಎಂದೆ. "ಹಾಗಿದ್ರೆ ಅದು ಬಯಲಲ್ಲ ಬಿಡು" ಎಂದು ವ್ಯುತ್ಪತ್ತಿಯನ್ನು ಅಲ್ಲಿಗೇ ಮುಗಿಸಿದರು.

ಬೇ ಏರಿಯಾದಿಂದ ಆರೇಳು ಗಂಟೆಯ ದಾರಿ. ಅಮ್ಮನ ಜೊತೆ ಒಂಬತ್ತು. ಕಾರಿನಲ್ಲಿ ನಾಲ್ಕು ಜನ, ಒಂದು ಗುಡಾರ, ಪ್ರೆಶರ್ ಕುಕ್ಕರ್, ಮೊಸರಿನ ಪಾತ್ರೆ, ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬಿ ಕೋಡುಬಳೆ ಮತ್ತು ಗ್ರಂಥಕರ್ತನ ತೊಡೆಯ ಮೇಲೆ ಒಂದು ದಿಂಬು.

ದೇಶನಿರ್ಣಯ. ಜೆಡೆಡಯಾ ಸ್ಮಿತ್ ಎಂಬ ತುಪ್ಪುಳು ವ್ಯಾಪಾರಿ 1828ರಲ್ಲಿ ಈ ಸೀಮೆಯನ್ನು ಹಾದು ಹೋದ. ಹಾದು ಹೋದದ್ದಕ್ಕೇ ನದಿಗೂ ಅವನ ಹೆಸರು, ಕಾಡಿಗೂ ಅವನ ಹೆಸರು. ಅವನಿಗಿಂತ ಎಷ್ಟೋ ಮೊದಲಿಂದ ತೊಲೊವಾ ಜನ ಇಲ್ಲಿ ರೆಡ್‌ವುಡ್ ಹಲಗೆಯ ಮನೆ ಕಟ್ಟಿ, ಅದೇ ಮರದ ದಿಮ್ಮಿ ಕೊರೆದು ದೋಣಿ ಮಾಡಿ ಬಾಳಿದ್ದರು. ಇರುವುದು ಮನೆಯಲ್ಲೇ ಆದ್ದರಿಂದ ಅದನ್ನು ಯಾರೂ ಕ್ಯಾಂಪಿಂಗ್ ಅನ್ನಲಿಲ್ಲ. ನದಿಯ ವೈಶಿಷ್ಟ್ಯವೆಂದರೆ, ಕ್ಯಾಲಿಫೋರ್ನಿಯಾದ ದೊಡ್ಡ ನದಿಗಳಲ್ಲಿ ಅಣೆಕಟ್ಟೇ ಇಲ್ಲದ್ದು ಇದೊಂದೇ. ತಳದ ಕಲ್ಲನ್ನು ಎಣಿಸಬಹುದಾದಷ್ಟು ತಿಳಿಯಾದ ಹಸಿರು ನೀರು. ನಾನು ಇದನ್ನು ಹೆಮ್ಮೆಯಿಂದ ವಿವರಿಸಿದೆ. ಹೇಮಾವತಿ ನಾಲೆಗೆ ನೀರು ಬಿಟ್ಟರಂತೆ ಎಂಬ ಸುದ್ದಿಗೆ ಅರ್ಧ ಆಯುಷ್ಯ ಕಾದ ಅಮ್ಮ ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಎಲ್ಲ ಸುಮ್ನೆ ಸಮುದ್ರಕ್ಕೆ ಹೋಗುತ್ತಾ?" ಎಂದರು. ಸಿದ್ಧಾಂತಿಯ ಬಳಿ ಉತ್ತರವಿತ್ತು: ಮೀನು ಹತ್ತಿ ಬರುತ್ತದೆ, ಹೊಳೆ ಉಕ್ಕಿದಾಗ ದಂಡೆಯ ಮೇಲೆ ಮೆಕ್ಕಲು ಕೂರುತ್ತದೆ, ಆ ಮೆಕ್ಕಲಿನ ಮೇಲೇ ಅತಿ ಎತ್ತರದ ರೆಡ್‌ವುಡ್‌ಗಳು ಬೆಳೆಯುತ್ತವೆ, ಆಚೆ ದಡದ 44 ಎಕರೆಯ ಸ್ಟೌಟ್ ತೋಪಿನಲ್ಲಿ ಕುರುಚಲು ಬೆಳೆಯದೆ ನೆಲದ ತುಂಬ ಜರಿಗಿಡ, ಹುಳಿಸೊಪ್ಪು ಹಾಸಿಕೊಂಡಿರುವುದೂ ಈ ನೆರೆಯ ಕೃಪೆ. ಅಮ್ಮ ಕೇಳಿಸಿಕೊಂಡರು. "ಆದ್ರೂ ಒಂದು ಸಣ್ಣ ನಾಲೆ..." ಎಂದರು.

ಇನ್ನು ವೃಕ್ಷಪ್ರಕರಣ. ಜಗತ್ತಿನಲ್ಲಿ ಇವತ್ತು ಬದುಕಿರುವ ಅತಿ ಎತ್ತರದ ಮರ ಇದೇ ಜಾತಿಯದು. 2006ರಲ್ಲಿ ಈ ಸೀಮೆಯಲ್ಲೇ ಪತ್ತೆಯಾದ ಹೈಪೀರಿಯನ್ ಎಂಬ ಮರ 115 ಮೀಟರು ದಾಟಿದೆ. ನೋಡಲು ನುಗ್ಗಿದವರ ಕಾಲ್ತುಳಿತಕ್ಕೆ ಬುಡದ ಜರಿಗಿಡವೆಲ್ಲ ಹಾಳಾಗಿ, ಈಗ ಅಲ್ಲಿಗೆ ಹೋದವರಿಗೆ ದಂಡ ಹಾಕುತ್ತಾರೆ. ಎರಡು ಸಾವಿರ ವರ್ಷ ದಾಟಿದ ಮರಗಳೂ ಈ ಜಾತಿಯಲ್ಲಿವೆ. ಹಲ್ಮಿಡಿಯಲ್ಲಿ ಶಾಸನ ಕೆತ್ತುವ ಹೊತ್ತಿಗೆ ಅವು ಆಗಲೇ ಮೊಮ್ಮಕ್ಕಳನ್ನು ಕಂಡಿದ್ದವು. ಒಂದು ಕಾಲಕ್ಕೆ ಸುಮಾರು 20 ಲಕ್ಷ ಎಕರೆ ಇದ್ದ ಈ ಮೂಲ ಕಾಡಿನಲ್ಲಿ ಕೊಡಲಿ ತಪ್ಪಿಸಿಕೊಂಡು ಉಳಿದದ್ದು ನೂರಕ್ಕೆ ಐದು ಪಾಲು. ತೊಗಟೆ ಒಂದು ಅಡಿಯವರೆಗೂ ದಪ್ಪ, ಬೆಂಕಿಗೆ ಜಗ್ಗುವುದಿಲ್ಲ. ಬೇರು ಮಾತ್ರ ಆಳಕ್ಕಿಳಿಯದೆ ಅಗಲಕ್ಕೆ ಹರಡಿ ಪಕ್ಕದ ಮರದ ಬೇರಿನ ಜೊತೆ ಹೆಣೆದುಕೊಳ್ಳುತ್ತದೆ. ಇಷ್ಟನ್ನೂ ನಾನು ಕತ್ತು ಹಿಂದಕ್ಕೆ ಹಾಕಿಕೊಂಡು ಬೋಧಿಸುತ್ತಿದ್ದಾಗ ಅಮ್ಮ ನೆಲ ನೋಡುತ್ತಿದ್ದರು. ಬಗ್ಗಿ ಏನನ್ನೋ ಎತ್ತಿ ಅಂಗೈಯಲ್ಲಿಟ್ಟುಕೊಂಡರು. ರೆಡ್‌ವುಡ್ಡಿನ ಕಾಯಿ, ಬರೀ ಒಂದು ಅಂಗುಲದ್ದು.

"ಐದು ತೆಂಗಿನ ಮರದಷ್ಟು ಎತ್ತರ ಬೆಳ್ದು, ಕಾಯಿ ಇಷ್ಟೇನಾ?"

ಕೊಬ್ಬರಿ ಊರಿನವರು ಮರವನ್ನು ಕಾಯಿಂದಲೇ ಅಳೆಯುತ್ತಾರೆ ಎಂದು ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ಹ್ಞೂ, ಅದಕ್ಕೇ ಇದರ ಕೆಳಗೆ ಮಲಗಬಹುದು. ತೆಂಗಿನ ಮರದ ಕೆಳಗೆ ಯಾರು ಹಾಸಿಗೆ ಹಾಸ್ತಾರೆ?" ಸ್ಥಳನಿರ್ಣಯಕ್ಕೆ ನಾನು ಮೂರು ಪುಟ ಮೀಸಲಿಟ್ಟಿದ್ದೆ, ಬೇಕಾಗಲಿಲ್ಲ.

ಗುಡಾರದ ನಿರ್ಮಾಣ ಗ್ರಂಥಸಂಪಾದನೆಯ ಸಮಸ್ಯೆ. ಚೀಲದಲ್ಲಿ ಬಂದ ಮೂಲಪಾಠ ಎಂದರೆ ಒಂದು ಚಿತ್ರಪಟ; ಅದರಲ್ಲಿ ಮುಖವಿಲ್ಲದ ಮನುಷ್ಯನೊಬ್ಬ ನಗುತ್ತಿರುವಂತೆ ತೋರುತ್ತದೆ. ಚಿತ್ರದಲ್ಲಿ ಗೂಟ ಎಂಟು, ಚೀಲದಲ್ಲಿ ಏಳು. ಇದನ್ನು ಗ್ರಂಥಲೋಪ ಎನ್ನುತ್ತೇವೆ. ಒಂದೂವರೆ ಗಂಟೆಯ ಪರಿಷ್ಕರಣದ ಬಳಿಕ ಗುಡಾರ ಎದ್ದು ನಿಂತಿತು, ಕೈಯಲ್ಲಿ ಒಂದು ಕೋಲು ಉಳಿಯಿತು. ಮೊಳಕ್ಕಿಂತ ಸ್ವಲ್ಪ ಉದ್ದದ, ಎರಡೂ ಕಡೆ ತೂತಿರುವ ಅಲ್ಯುಮಿನಿಯಂ ಕೊಳವೆ. ಇದು ಪ್ರಕ್ಷಿಪ್ತವೋ ಮೂಲದ್ದೋ? ಪ್ರಕ್ಷಿಪ್ತವೆಂದೇ ನನ್ನ ವಾದ: ಅದಿಲ್ಲದೆಯೂ ಗುಡಾರ ಅರ್ಥವಾಗುತ್ತಿದೆ. ಟೀಕಾಕಾರಳ ಪ್ರಕಾರ, ಎಡಗಡೆ ಗುಡಾರ ಒಡೆದ ಕೆರೆ ಏರಿಯಂತೆ ಕುಸಿದಿರುವುದು ಅದು ಮೂಲದ್ದೇ ಎಂಬುದಕ್ಕೆ ಅಂತಃಸಾಕ್ಷ್ಯ. ಗ್ರಂಥಕರ್ತ ಎಡಗಡೆಗೆ ಮಲಗುವುದೆಂದು ತೀರ್ಮಾನವಾಯಿತು.

ಅಗ್ನಿಯ ವಿಚಾರಕ್ಕೆ ಬಂದರೆ ತಾರ್ಕಿಕರಿಗೆ ಕೆಟ್ಟ ಸುದ್ದಿಯಿದೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ ಎಂಬ ದೃಷ್ಟಾಂತವನ್ನು ಅವರು ಶತಮಾನಗಳಿಂದ ಶಿಷ್ಯರಿಗೆ ಬಾಯಿಪಾಠ ಮಾಡಿಸುತ್ತ ಬಂದಿದ್ದಾರೆ. ನಮ್ಮ ಒಲೆಯಲ್ಲಿ ಮುಕ್ಕಾಲು ಗಂಟೆ ಹೊಗೆಯಿತ್ತು, ಬೆಂಕಿ ಇರಲಿಲ್ಲ. ಕಾಡಿನಲ್ಲಿ ಬಿದ್ದ ಪುಳ್ಳೆ ಆಯುವಂತಿಲ್ಲ, ಅದು ಮಣ್ಣಿಗೇ ಸೇರಬೇಕು. ಊರಿನಿಂದ ಸೌದೆ ತರುವಂತಿಲ್ಲ, ಸೌದೆಯ ಜೊತೆ ಹುಳುವೂ ಓಕ್ ಮರ ಸಾಯಿಸುವ ರೋಗವೂ ಬರುತ್ತವೆ. ಅಲ್ಲೇ ಕೊಂಡು ಅಲ್ಲೇ ಉರಿಸಬೇಕು. "ಕಾಡಲ್ಲಿ ಕೂತು ಸೌದೆಗೆ ದುಡ್ಡು ಕೊಡೋದಾ" ಎಂದು ಅಮ್ಮ ಗೊಣಗಿದರು. ನಾನು ರಟ್ಟಿನಿಂದ ಬೀಸಿದೆ. ಹೊಗೆ ನನ್ನನ್ನೇ ಹುಡುಕಿಕೊಂಡು ಬಂತು. ಆಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ದಪ್ಪ ಕೊರಡುಗಳನ್ನೆಲ್ಲ ಹೊರಗೆಳೆದರು, ಸಣ್ಣ ಸಿಬಿರುಗಳನ್ನು ಗೂಡಿನಂತೆ ಜೋಡಿಸಿದರು, ಸುತ್ತ ನೋಡಿ ಪ್ರಕ್ಷಿಪ್ತ ಕೋಲನ್ನು ಕೈಗೆತ್ತಿಕೊಂಡರು. ಒಲೆಯ ಕಬ್ಬಿಣದ ಬಳೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದನ್ನು ತುಟಿಗಿಟ್ಟು ಮೂರು ಸಲ ಊದಿದರು. ಬುಸ್ಸೆಂದು ಉರಿ ಎದ್ದಿತು.

"ಊದುಗೊಳವೆ ತಂದಿದ್ಯಲ್ಲ, ಮೊದಲೇ ಹೇಳಬಾರದಾ?"

ಅರ್ಥವಾಗದ ಭಾಗವನ್ನು ಪ್ರಕ್ಷಿಪ್ತ ಎಂದು ಬಿಟ್ಟುಬಿಡುವ ಸಂಪಾದಕರಿಗೆ ಇದನ್ನು ಎಚ್ಚರಿಕೆಯಾಗಿ ದಾಖಲಿಸುತ್ತಿದ್ದೇನೆ.

ಕರಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಬರಲಿಲ್ಲ. ಆದರೆ ಬರಬಹುದು, ಆದ್ದರಿಂದ ವಾಸನೆ ಇರುವುದೆಲ್ಲ ಪ್ರತಿ ಜಾಗದಲ್ಲೂ ಇಟ್ಟಿರುವ ಉಕ್ಕಿನ ಬೀರುವಿನೊಳಗೆ ಹೋಗಬೇಕು. ಅನ್ನ, ಮೊಸರು ಸರಿ. ಹಲ್ಲುಜ್ಜುವ ಪೇಸ್ಟು, ಸೋಪು ಕೂಡ. ಇಂಗಿನ ಡಬ್ಬಿಯನ್ನು ಹೊರಗಿಟ್ಟರೆ ಕರಡಿಯೇ ಓಡಿಹೋದೀತು ಎಂಬ ಪಕ್ಷವೊಂದಿತ್ತು, ಪರೀಕ್ಷಿಸುವ ಧೈರ್ಯವಾಗಲಿಲ್ಲ. ಕೊಬ್ಬರಿ ಎಣ್ಣೆಯ ಶೀಷೆಯನ್ನೂ ಇಸಿದುಕೊಂಡಾಗ ಅಮ್ಮ ಕೇಳಿದರು: "ಬೆಳಗ್ಗೆ ತಾನೇ ಹಚ್ಚಿಕೊಂಡಿದೀನಿ. ನನ್ನ ತಲೆಯನ್ನೂ ಬೀರುವಲ್ಲೇ ಇಡಬೇಕಾ?" ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ರಾತ್ರಿ ಶಬ್ದವೇ ಪ್ರಮಾಣ, ಏಕೆಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮೊದಲ ಶಬ್ದ: ಟಪ್, ಟಪ್. ಮಳೆ ಎಂದಳು ಟೀಕಾಕಾರಳು. ಮಳೆಯಲ್ಲ. ಪೆಸಿಫಿಕ್ ಸಾಗರದಿಂದ ಬೇಸಗೆಯಲ್ಲಿ ಒಳಸುಳಿಯುವ ಮಂಜನ್ನು ಈ ಮರಗಳು ಎಲೆಯಿಂದ ಬಾಚಿ ಹಿಡಿದು, ಹನಿಯಾಗಿಸಿ, ತಮ್ಮ ಬೇರಿಗೇ ಸುರಿದುಕೊಳ್ಳುತ್ತವೆ. ಈ ಕಾಡಿಗೆ ಬರುವ ವರ್ಷದ ನೀರಿನ ಮೂರರಲ್ಲೊಂದು ಪಾಲು ಹೀಗೆ ಬಂದದ್ದೂ ಉಂಟು. ಬೇರಿನ ಮೇಲೆ ನಾನು ಮಲಗಿದ್ದರಿಂದ ನನಗೂ ಸ್ವಲ್ಪ ಬಂತು. ಎರಡನೆಯದು ಎಲ್ಲೋ ದೂರ ರೆಂಬೆ ಮುರಿದ ಸದ್ದು. ಆ ಹೊತ್ತಿಗೆ ನೆನಪಾಗಬಾರದ ಸಂಗತಿಯೊಂದು ನನಗೆ ನೆನಪಾಯಿತು: ಇಲ್ಲಿಂದ ದಕ್ಷಿಣಕ್ಕೆ, ಹಂಬೋಲ್ಟ್ ಕಾಡಿನಲ್ಲಿ, 360 ಅಡಿಯ ಡೈಯರ್‌ವಿಲ್ ದೈತ್ಯ 1991ರ ಮಾರ್ಚಿನಲ್ಲಿ ಉರುಳಿದಾಗ ಒಂದು ಮೈಲಿ ಆಚೆಯವರಿಗೆ ರೈಲು ಅಪ್ಪಳಿಸಿದಂತೆ ಕೇಳಿಸಿತ್ತಂತೆ. ಮೂರನೆಯ ಶಬ್ದ, ರಾತ್ರಿ ಸುಮಾರು ಎರಡು ಗಂಟೆಗೆ, ಬಹಳ ಹತ್ತಿರದಿಂದ: ಕರಕರ, ಕರಕರ. ನಿಲ್ಲುತ್ತದೆ. ಮತ್ತೆ ಕರಕರ. ಕರಡಿ ಎಂಬ ಅನುಮಾನಕ್ಕೆ ಬೇಕಾದ ಹೇತುಗಳೆಲ್ಲ ಕೂಡಿಬಂದಿದ್ದವು. ನಡುಗುವ ಕೈಯಿಂದ ಟಾರ್ಚು ಹಾಕಿದೆ. ಲಿಪಿಕಾರ ಮಲಗುಚೀಲದೊಳಗೆ ಅಜ್ಜಿಯ ಕೋಡುಬಳೆ ತಿನ್ನುತ್ತಿದ್ದ.

ಬೆಳಗ್ಗೆ ಅವನು ಚೀಲವನ್ನು ಹೊರಗೆ ಕೊಡವಿದ. ಮುಂದಿನ ಕ್ಷಣದಲ್ಲೇ ಸ್ಟೆಲ್ಲರ್ಸ್ ಜೇ ಹಕ್ಕಿ ಬಂದು ಮೇಜಿನ ಅಂಚಿನಲ್ಲಿ ಕೂತಿತು. ಮೈ ಕಡುನೀಲಿ, ತಲೆ ಕಪ್ಪು, ಮೇಲೊಂದು ಜುಟ್ಟು. ಸಂಭಾವನೆಗೆ ಬಂದ ಪುರೋಹಿತರ ಗತ್ತು. ಅಮ್ಮನಿಗೆ ನೋಡಿದ ಕೂಡಲೇ ಇಷ್ಟವಾಯಿತು. ಒಂದು ಚೂರು ಕೋಡುಬಳೆ ಎಸೆಯಲು ಕೈ ಎತ್ತಿದರು.

ಇಲ್ಲಿ ನಾನು ತಡೆದು, ಈ ಗ್ರಂಥದಲ್ಲಿ ಅಣಕಕ್ಕೆ ಒಗ್ಗದ ಒಂದೇ ಒಂದು ವಿಷಯವನ್ನು ಹೇಳಬೇಕಾಯಿತು. ಈ ಕಾಡಿನಲ್ಲಿ ಮಾರ್ಬಲ್ಡ್ ಮರ್ರೆಲೆಟ್ ಎಂಬ ಕಡಲಹಕ್ಕಿ ಇದೆ. ತಿನ್ನುವುದು ಸಮುದ್ರದಲ್ಲಿ. ಮೊಟ್ಟೆಯಿಡುವುದು ಮಾತ್ರ ಇಂಥ ಹಳೇ ಮರಗಳ ತುದಿಯಲ್ಲಿ, ಗೂಡೂ ಕಟ್ಟದೆ, ಹಾವಸೆ ಬೆಳೆದ ಅಗಲ ಕೊಂಬೆಯ ಮೇಲೆ, ಒಂದೇ ಒಂದು. ಅದು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದೇ ಪಕ್ಷಿಶಾಸ್ತ್ರಜ್ಞರಿಗೆ ಬಹುಕಾಲ ಒಗಟಾಗಿತ್ತು. 1974ರಲ್ಲಿ, ಸಾಂತಾ ಕ್ರೂಜ್ ಬೆಟ್ಟದ ಬಿಗ್ ಬೇಸಿನ್ ಕಾಡಿನಲ್ಲಿ, ಮರ ಹತ್ತಿದ ಕೆಲಸಗಾರನೊಬ್ಬನಿಗೆ ಮರಿ ಕಾಣಿಸಿತು. ನಾವು ಉದುರಿಸುವ ಪುಡಿಗೆ ಜೇ ಹಕ್ಕಿಗಳೂ ಕಾಗೆಗಳೂ ಮುತ್ತಿಕೊಳ್ಳುತ್ತವೆ, ಕೊಬ್ಬುತ್ತವೆ, ಸಂತಾನ ಹೆಚ್ಚಿಸಿಕೊಳ್ಳುತ್ತವೆ. ಆಮೇಲೆ ಮೇಲೆ ಹಾರಿ ಆ ಒಂದು ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ಅದಕ್ಕೇ ಇಲ್ಲಿನ ಕ್ಯಾಂಪುಗಳಲ್ಲಿ ಒಂದು ಚೂರೂ ಬೀಳಿಸಬೇಡಿ ಎಂದು ಬೋರ್ಡು ಹಾಕಿರುತ್ತಾರೆ.

ಅಮ್ಮನ ಎತ್ತಿದ ಕೈ ಇಳಿಯಿತು. "ಒಂದೇ ಮೊಟ್ಟೆನಾ?" ಎಂದು ಇನ್ನೊಮ್ಮೆ ಕೇಳಿದರು. ನಾನು ಪೂರ್ವಪಕ್ಷಕ್ಕೆ ಕಾದೆ, ಬರಲಿಲ್ಲ. ಅವರು ಮಂಡಿಯೂರಿ ಕೂತು, ಮನೆಯಲ್ಲಿ ಊಟದ ಎಲೆ ಎತ್ತಿದ ಮೇಲೆ ಬಿದ್ದ ಅಗುಳು ಆಯುವ ಹಾಗೆ, ಸೂಜಿಯೆಲೆಗಳ ನಡುವಿನಿಂದ ಕೋಡುಬಳೆಯ ಪುಡಿಯನ್ನು ಒಂದೊಂದಾಗಿ ತೋರುಬೆರಳಿಗೆ ಅಂಟಿಸಿಕೊಂಡು ಎಡ ಅಂಗೈಗೆ ಹಾಕಿಕೊಂಡರು. ಕೈ ತಲುಪದ ಕಡೆ ಊದುಗೊಳವೆಯಿಂದ ಎಲೆ ಸರಿಸಿದರು. ಮೊಮ್ಮಗನನ್ನೂ ಪಕ್ಕದಲ್ಲಿ ಕೂರಿಸಿದರು. ಜೇ ಹಕ್ಕಿ ಒಂದು ಕಡೆಯಿಂದ ನೋಡಿತು, ತಲೆ ಓರೆ ಮಾಡಿ ಇನ್ನೊಂದು ಕಡೆಯಿಂದ ನೋಡಿತು. ಇಲ್ಲಿ ದಕ್ಷಿಣೆ ಹುಟ್ಟುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹಾರಿ ಪಕ್ಕದ ಜಾಗಕ್ಕೆ ಹೋಯಿತು. ಅಲ್ಲಿ ಗಂಡ ಹೆಂಡತಿ ಇಬ್ಬರು ದೋಸೆಯಂಥದ್ದೇನನ್ನೋ ಜೇನು ಸುರಿದುಕೊಂಡು ತಿನ್ನುತ್ತಿದ್ದರು.

ಅಮ್ಮ ಎದ್ದು ಸೀರೆ ಕೊಡವಿಕೊಂಡರು. "ಪಾಪ, ಅವರಿಗೆ ಗೊತ್ತಿಲ್ವೇನೋ" ಎಂದು ಕೊಳವೆ ಹಿಡಿದೇ ಆ ಕಡೆ ನಡೆದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಕೊಳವೆಯ ತುದಿ ಮೊದಲು ಹಕ್ಕಿಯನ್ನು, ಆಮೇಲೆ ಮರದ ನೆತ್ತಿಯನ್ನು, ಆಮೇಲೆ ಮೇಜಿನ ಕೆಳಗನ್ನು ತೋರಿಸಿದ್ದು ಇಲ್ಲಿಂದ ಕಂಡಿತು. ಬೆರಳೊಂದು ಮೇಲೆದ್ದದ್ದೂ ಕಂಡಿತು. ಹತ್ತು ನಿಮಿಷವಾದ ಮೇಲೆ ನೋಡಿದರೆ ಗಂಡ ಹೆಂಡತಿ ಇಬ್ಬರೂ ಮೇಜಿನ ಕೆಳಗೆ ಮಂಡಿಯೂರಿದ್ದರು. ಅಮ್ಮ ನಿಂತು, ಬಿಟ್ಟುಹೋದ ಚೂರುಗಳನ್ನು ಕೊಳವೆಯಿಂದ ತೋರಿಸುತ್ತಿದ್ದರು.